ಸವತಿ ಪದಕದ ಅಂಚು

ರಾಣೆಬೆನ್ನೂರಿನ ನನ್ನ ಚಿನ್ನ ಬೆಳ್ಳಿಯ ಪತ್ತಾರಿಕೆ ಅಂಗಡಿ ಮುಚ್ಚಿದ ಮೇಲೆ ನಾನು ಮಾಸ್ತರನಾದೆ. ಬೇರೆ ಕೆಲಸ ಸಿಗಲಿಲ್ಲ ಎಂದು ಅದರ ಅರ್ಥ. ಜನ ಯಂತ್ರದಲ್ಲಿ ಮಾಡಿದ ಸರ, ಉಂಗುರಗಳನ್ನು ಗಾಜಿನ ಪೆಟ್ಟಿಗೆಯಿಂದ ಆರಿಸಿ ತರುವುದನ್ನು ಕಲಿತಿದ್ದರು. ಇವತ್ತು ಬಾ, ನಾಳೆ ಬಾ ಎಂದು ವಾರಗಟ್ಟಲೆ ತಿರುಗಾಡಿಸುವ ಈ ಮೌನೇಶಪ್ಪ ಪತ್ತಾರ ಯಾರಿಗೆ ಬೇಕಾಗಿದ್ದ? ಅಂಥ ಹೊತ್ತಿನಲ್ಲಿ, ಅದು ಎರಡು ಸಾವಿರದ ನಾಲ್ಕನೆಯ ಇಸವಿ ಇರಬೇಕು, ಒಂದು ಮಹಿಳಾ ಸಂಘದವರು ಬಂದು, ಹೆಂಗಸರಿಗೆ ಬೆಳ್ಳಿ ಕೆಲಸ ಕಲಿಸಿರಿ, ಆರು ತಿಂಗಳ ತರಬೇತಿ ಎಂದರು. ಹೆಂಗಸರು ಬೆಳ್ಳಿ ಹಾಕಿಕೊಂಡರೆ ಸಾಲದೆ, ಕಾಯಿಸಿ ಬಡಿಯುವುದೂ ಬೇಕೆ ಎಂದು ಮನಸ್ಸಿನಲ್ಲೇ ಬೈದುಕೊಂಡು ಒಪ್ಪಿಕೊಂಡೆ. ಮೊದಲೇ ಮಂಡಿ ನೋವು, ಕಣ್ಣು ಮಂಜು. ಅದರ ಮೇಲೆ ಒಂದು ಮಹಡಿ ಕೋಣೆ ತುಂಬ ಹೆಂಗಸರ ಮಾತು. ಬೆಳ್ಳಿ ಕರಗಿಸುವ ಮೂಸೆ ಇದು, ಉರಿ ಹಾಯಿಸುವ ಊದುಗೊಳವೆ ಇದು, ತಂತಿ ಎಳೆಯುವ ಕಂಬಚ್ಚು ಇದು ಎಂದು ಒದರಿ ಒದರಿ ಸಂಜೆಗೆ ನನ್ನ ದನಿ ಬಿದ್ದುಹೋಗುತ್ತಿತ್ತು.

ಮೊದಲ ದಿನವೇ ಒಬ್ಬ ಹೆಂಗಸು ನನ್ನ ತರಗತಿಯನ್ನೆಲ್ಲ ರಸ್ತೆಗೆ ಓಡಿಸಿದಳು. ಬ್ಯಾಡಗಿಯ ಗದಿಗೆವ್ವ. ನಲವತ್ತರ ಆಜುಬಾಜು ವಯಸ್ಸು, ಬತ್ತಿದ ಮುಖ, ಕೆಂಪಗೆ ಸುಲಿದ ಬೆರಳು. ಬೆಳಗ್ಗೆಯೆಲ್ಲ ಬ್ಯಾಡಗಿ ಪೇಟೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿದು, ಮಧ್ಯಾಹ್ನದ ಪ್ಯಾಸೆಂಜರ್ ರೈಲು ಹಿಡಿದು ಹಾಗೇ ಬಂದಿದ್ದಳು. ಅಗ್ಗಿಷ್ಟಿಕೆಯ ಕೆಂಡ ಊದು ಎಂದು ನಾನೇ ಹೇಳಿದೆ. ಅವಳು ಬಗ್ಗಿದಳು ನೋಡಿ, ಸೆರಗಿನ ಮಡಿಕೆಯಲ್ಲಿದ್ದ ಬೀಜ, ಪುಡಿ ಎಲ್ಲ ಕೆಂಡದ ಮೇಲೆ ಸುರಿಯಿತು. ಆಮೇಲೆ ಕೇಳಬೇಡಿ. ಘಾಟು ಮೂಗಿಗೆ ಬಡಿದು ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲು ಇಳಿದು ಓಡಿದರು. ಕೆಳಗಿನ ಅಂಗಡಿಯವನು ಅಲ್ಲಿಂದಲೇ ನನ್ನ ವಂಶವನ್ನೆಲ್ಲ ಹೊಗಳಿದ.

ನಾನು ಕಣ್ಣು ಒರೆಸಿಕೊಳ್ಳುತ್ತ ಒಳಗೆ ಬಂದರೆ ಗದಿಗೆವ್ವ ಕುಳಿತಲ್ಲೇ ಕುಳಿತಿದ್ದಳು.

“ಯವ್ವಾ, ನೀ ಬೆಳ್ಳಿ ಕೆಲಸ ಕಲಿಯಾಕ ಬಂದೀಯೋ, ಒಗ್ಗರಣಿ ಹಾಕಾಕ ಬಂದೀಯೋ?” ಎಂದು ರೇಗಿದೆ.

“ತಪ್ಪಾತ್ರಿ ಕಾಕಾರ. ನಾಳಿಂದ ಸೀರಿ ಝಾಡಿಸಿಕೊಂಡು ಬರ್ತೇನ್ರಿ,” ಎಂದಳು. ಅಷ್ಟು ಹೇಳುವುದರೊಳಗೆ ಅವಳಿಗೆ ಕೆಮ್ಮು ಹತ್ತಿತು. ಉಳಿದವರ ಕೆಮ್ಮು ನಿಂತು, ಅವರು ನಕ್ಕು, ಚಹಾ ಕುಡಿದು ಮೇಲೆ ಬಂದರೂ ಅವಳ ಕೆಮ್ಮು ನಿಲ್ಲಲಿಲ್ಲ.

ಪತ್ತಾರಿಕೆಯಲ್ಲಿ ಕೈ ಎಷ್ಟು ಬೇಕೋ ಉಸಿರೂ ಅಷ್ಟೇ ಬೇಕು. ಊದುಗೊಳವೆಯನ್ನು ತುಟಿಯಲ್ಲಿ ಹಿಡಿದು, ಗಲ್ಲ ಉಬ್ಬಿಸಿ, ಮೂಗಿನಿಂದ ಉಸಿರು ಎಳೆಯುತ್ತಲೇ ಬಾಯಿಂದ ಬಿಡುತ್ತಿರಬೇಕು. ದೀಪದ ಉರಿ ಕಡಿಯದೆ ಬೆಸುಗೆಯ ಮೇಲೆ ನಿಲ್ಲಬೇಕು. ಉಳಿದವರು ಅಂತೂ ಇಂತೂ ಕಲಿತರು. ಗದಿಗೆವ್ವ ಊದಿದರೆ ಉರಿ ಅತ್ತ ಒಮ್ಮೆ ಇತ್ತ ಒಮ್ಮೆ ವಾಲಿ ಆರಿಹೋಗುತ್ತಿತ್ತು. ಅವಳು ಎದೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದಳು. ಕೆಲವು ದಿನ ನೋಡಿದೆ. ನನಗೂ ಸಾಕಾಯಿತು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಕರೆದು ಹೇಳಿದೆ.

“ಗದಿಗೆವ್ವ, ಈ ಕೆಲಸ ನಡಿಯೂದ ಉಸಿರಿನ ಮ್ಯಾಲ. ನಿನಗ ಅದ ಇಲ್ಲ. ಸುಮ್ಮನ ಯಾಕ ರೈಲಿಗೆ ತಿರಗತೀದಿ? ಮನ್ಯಾಗ ಇರು.”

“ನನಗ ಎಲ್ಲಾ ಬ್ಯಾಡ್ರಿ ಕಾಕಾರ,” ಎಂದಳು. “ಒಂದ ವಸ್ತಾ ಮಾಡೂದು ಕಲಿಸ್ರಿ. ಒಂದು ಬೆಳ್ಳಿ ಪದಕ. ಅಂಚು ಚುಚ್ಚಬಾರದು, ಅಷ್ಟ.”

ಸೆರಗು ಸರಿಸಿ ಕೊರಳು ತೋರಿಸಿದಳು. ತಾಳಿಯ ಪಕ್ಕದಲ್ಲಿ ಕರಿ ದಾರಕ್ಕೆ ಒಂದು ಬೆಳ್ಳಿಯ ಬಿಲ್ಲೆ ಇತ್ತು. ನೋಡಿದ ಕೂಡಲೇ ನನಗೆ ತಿಳಿಯಿತು. ಸವತಿ ಪದಕ. ನಮ್ಮ ಕಡೆ ಕೆಲವು ಮನೆತನಗಳಲ್ಲಿ, ಮೊದಲ ಹೆಂಡತಿ ಸತ್ತು ಎರಡನೆಯವಳು ಬಂದರೆ, ಸತ್ತವಳ ಹೆಸರಿನಲ್ಲಿ ಒಂದು ಗೊಂಬೆಯ ಚಿತ್ರ ಒತ್ತಿದ ಪದಕವನ್ನು ಹೊಸಬಳ ಕೊರಳಿಗೆ ಕಟ್ಟುತ್ತಾರೆ. ಆಮೇಲೆ ಅದು ಬಿಚ್ಚುವಂಥದ್ದಲ್ಲ. ಅದನ್ನು ಕಟ್ಟಿಕೊಂಡವಳು ಸತ್ತರೆ ಅವಳ ಜೊತೆಗೇ ಮಣ್ಣಿಗೆ ಹೋಗುತ್ತದೆ. ನನ್ನ ಕಾಲದಲ್ಲಿ ನಾನೂ ಅಂಥವನ್ನು ಮಾಡಿದ್ದೇನೆ. ಆದರೆ ಗದಿಗೆವ್ವನ ಕೊರಳಲ್ಲಿದ್ದುದನ್ನು ಮಾಡಿದವನು ಯಾವನೋ ಕಸಬುಗೇಡಿ. ತಗಡನ್ನು ಉಳಿಯಿಂದ ಕತ್ತರಿಸಿ, ಅಂಚಿಗೆ ಉಜ್ಜುವ ಅರ ಮುಟ್ಟಿಸದೆ ಹಾಗೇ ಕೊಟ್ಟಿದ್ದ. ಅದು ತಾಗುವ ಕಡೆ ಗಂಟಲ ಗುಳಿಯ ಕೆಳಗೆ ಚರ್ಮ ಗಾಯವಾಗಿ, ಒಣಗಿ, ಮತ್ತೆ ಗಾಯವಾಗಿ ಕಪ್ಪುಗಟ್ಟಿತ್ತು.

“ಬೆವರು ಬಂತಂದ್ರ ಖಾರದ ಪುಡಿ ಅದರಾಗ ಇಳೀತೈತ್ರಿ,” ಎಂದಳು. ದೂರಿನ ದನಿಯಲ್ಲ. ಇವತ್ತು ರೈಲು ತಡವಾಯಿತು ಎನ್ನುವ ಹಾಗೆ ಹೇಳಿದಳು.

ಹೀಗೆ ಒಂದೊಂದಾಗಿ ಅವಳ ಕಥೆ ನನಗೆ ಗೊತ್ತಾಯಿತು. ತವರು ಕುಪ್ಪೇಲೂರು. ಅಜ್ಜಪ್ಪ ಎಂಬವನಿಗೆ ಎರಡನೆಯವಳಾಗಿ ಕೊಟ್ಟಿದ್ದರು. ಆತ ಬ್ಯಾಡಗಿ ಪೇಟೆಯಲ್ಲಿ ಮೂಟೆ ಹೊರುವ ಹಮಾಲ. ಮೊದಲ ಹೆಂಡತಿ ರೇಣುಕವ್ವ ಜ್ವರದಲ್ಲಿ ತೀರಿಕೊಂಡಿದ್ದಳು. ಮದುವೆಯ ದಿನ ಅತ್ತೆ ಮೊದಲು ಪದಕ ಕಟ್ಟಿಸಿದಳು, ತಾಳಿ ಆಮೇಲೆ. ಹೊಸ ಸೀರೆ ಬಂದರೆ ಮೊದಲು ಪದಕಕ್ಕೆ ಮುಟ್ಟಿಸಬೇಕು, ಆಮೇಲೆ ಇವಳು ಉಡಬೇಕು. ಹಬ್ಬದ ಹೋಳಿಗೆಯ ಮೊದಲ ತುಣುಕು ಪದಕಕ್ಕೆ. ರೊಟ್ಟಿ ಹೊತ್ತಿದರೆ, ಹಾಲು ಉಕ್ಕಿದರೆ, ಮಗು ನಿಲ್ಲದಿದ್ದರೆ, ಎಲ್ಲದಕ್ಕೂ ರೇಣುಕವ್ವ ಮುನಿದಳು ಎಂಬ ಮಾತು. ಗದಿಗೆವ್ವ ಆ ರೇಣುಕವ್ವನ ಮುಖ ಕಂಡವಳಲ್ಲ. ಅವಳದೊಂದು ಫೋಟೊ ಕೂಡ ಮನೆಯಲ್ಲಿ ಇರಲಿಲ್ಲ.

“ಆಕಿ ಮ್ಯಾಲ ನನಗ ಸಿಟ್ಟಿಲ್ರಿ,” ಎಂದಳು ಒಮ್ಮೆ. “ಪಾಪ, ಸತ್ತ ಮ್ಯಾಲೂ ಆಕಿಗೆ ಈ ಮನಿ ಕೆಲಸ ತಪ್ಪಲಿಲ್ಲ ನೋಡ್ರಿ. ಹಾಲು ಉಕ್ಕಿದ್ರೂ ಆಕೀನ ಬರಬೇಕು.”

ನಾನು ನಕ್ಕೆ. ಅವಳೂ ನಕ್ಕಳು, ನಗುವಿನ ಹಿಂದೆಯೇ ಕೆಮ್ಮು ಬಂತು.

“ಬಾ ಇಲ್ಲೆ, ಬಿಚ್ಚೂದು ಬ್ಯಾಡ, ಕೊರಳಾಗಿದ್ದಂಗ ಎರಡು ಸಲ ಅರ ಆಡಿಸಿಬಿಡ್ತೇನಿ,” ಎಂದೆ. ಅವಳು ಒಪ್ಪಲಿಲ್ಲ. ಅತ್ತೆ ದಿನಾ ಅದನ್ನು ಕೈಯಲ್ಲಿ ಹಿಡಿದು ನೋಡುತ್ತಾಳಂತೆ, ಅರ ಆಡಿಸಿದ್ದು ತಿಳಿದರೆ ಮನೆಯಲ್ಲಿ ಇರಗೊಡುವುದಿಲ್ಲವಂತೆ. “ಇದು ಆಗಿ ಹೋದದ್ರಿ. ಹೊಸಾದು ಕಲಿಸ್ರಿ,” ಎಂದಳು. ಅತ್ತೆಯನ್ನು ಹೇಗೋ ಒಪ್ಪಿಸಿ ಹಳೆಯದರ ಜಾಗದಲ್ಲಿ ಹೊಸದು ಕಟ್ಟಿಕೊಳ್ಳುತ್ತಾಳೆ ಎಂದು ನಾನು ತಿಳಿದೆ. ಹಾಗಾದರೆ ಒಳ್ಳೆಯದೇ ಆಯಿತು, ಒಬ್ಬಳ ಕೊರಳ ಗಾಯವಾದರೂ ಮಾಯಲಿ ಎಂದುಕೊಂಡೆ. ನನಗೂ ಆ ದಿನಗಳಲ್ಲಿ ಏನಾದರೊಂದು ಕೆಲಸ ನೆಟ್ಟಗೆ ಮುಗಿಯುವುದನ್ನು ನೋಡಬೇಕಾಗಿತ್ತು.

ಮೊದಲು ತಾಮ್ರದ ಮೇಲೆ ಕಲಿಸಿದೆ. ತಾಮ್ರ ಕಾಯಿಸು, ತಣಿಸು, ಬಡಿ. ಗಟ್ಟಿಯಾದರೆ ಮತ್ತೆ ಕಾಯಿಸು. ಅವಸರ ಮಾಡಿದರೆ ತಗಡು ಸೀಳುತ್ತದೆ. ಅವಳು ಅವಸರ ಮಾಡುವವಳೇ ಅಲ್ಲ. ನಾಲ್ಕು ಪೆಟ್ಟು ಹಾಕಿ ಸುತ್ತಿಗೆ ಇಟ್ಟು ಉಸಿರು ತೆಗೆದುಕೊಳ್ಳಬೇಕಾಗಿತ್ತು. ಅಂತೂ ತಗಡು ಆಯಿತು, ದುಂಡಗೆ ಕತ್ತರಿಸಿದಳು, ಅರ ಹಿಡಿದು ಅಂಚು ಉಜ್ಜಿದಳು. “ಆತ್ರಿ, ನುಣ್ಣಗ ಆತು,” ಎಂದು ತಂದು ಕೊಟ್ಟಳು. ನಾನು ಬೆರಳಾಡಿಸಿದೆ, ಬೆರಳಲ್ಲಿ ರಕ್ತ ಬಂತು.

“ಇದನ್ನ ನುಣ್ಣಗ ಅಂತಾರೇನ? ಬ್ಲೇಡ್ ಆಗೇತಿ!” ಎಂದು ಕೂಗಿದೆ.

ಅವಳು ಬೆಪ್ಪಾಗಿ ತನ್ನ ಬೆರಳು ಒತ್ತಿ ನೋಡಿಕೊಂಡಳು. ಅವಳ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ವರ್ಷಗಟ್ಟಲೆ ಮೆಣಸಿನಕಾಯಿಯ ತೊಟ್ಟು ಮುರಿದು ಮುರಿದು, ಉರಿ ಹತ್ತಿ ಹತ್ತಿ, ಬೆರಳ ತುದಿ ಸತ್ತುಹೋಗಿತ್ತು. ಕೆಂಡ ಮುಟ್ಟಿದರೂ ಸ್ವಲ್ಪ ತಡೆದು ಗೊತ್ತಾಗುತ್ತದೆ ಎಂದಳು. ಅಂಚು ನೋಡುವುದು ಬೆರಳಿನ ತುದಿಯಿಂದ. ಉಸಿರೂ ಇಲ್ಲ, ಬೆರಳೂ ಇಲ್ಲ, ಇವಳನ್ನು ಕಟ್ಟಿಕೊಂಡು ನಾನು ಏನು ಮಾಡಲಿ ಎಂದು ತಲೆ ಚಚ್ಚಿಕೊಂಡೆ.

ಮರುದಿನ ನಾನು ಬರುವುದರೊಳಗೆ ಅವಳು ಬಂದು ಮೂಲೆಯಲ್ಲಿ ಕುಳಿತಿದ್ದಳು. ಅರದಿಂದ ನಾಲ್ಕು ಸಲ ಉಜ್ಜುವುದು, ತಾಮ್ರದ ಬಿಲ್ಲೆಯನ್ನು ಎತ್ತಿ ಕೊರಳಿನ ಆ ಕಪ್ಪು ಗಾಯದ ಮೇಲೆ ಆಡಿಸುವುದು, ಮುಖ ಕಿವುಚಿ ಮತ್ತೆ ಉಜ್ಜುವುದು. ಮೈಯಲ್ಲಿ ಅದೊಂದು ಜಾಗಕ್ಕೆ ಮಾತ್ರ ಎಲ್ಲ ಗೊತ್ತಾಗುತ್ತಿತ್ತು. ನನಗೆ ನೋಡಲಾಗಲಿಲ್ಲ. “ಬ್ಯಾಡ ಬಿಡವಾ, ನಾ ನೋಡಿ ಹೇಳ್ತೇನಿ,” ಎಂದೆ. ಅವಳು ಕೇಳಲಿಲ್ಲ. ಸಂಜೆ ಆ ಬಿಲ್ಲೆಯನ್ನು ಕೊಟ್ಟಾಗ ಬೆರಳಾಡಿಸಿದೆ. ಎಲ್ಲೂ ತೊಡಕಿರಲಿಲ್ಲ.

ಆಮೇಲೆ ಬೆಳ್ಳಿ. ತವರಿನಲ್ಲಿ ಚಿಕ್ಕವಳಿದ್ದಾಗ ತಾಯಿ ಹಾಕಿದ್ದ ಒಂದು ಕಾಲಗಡಗ ಸೆರಗಿನ ಗಂಟಿನಿಂದ ಹೊರಗೆ ಬಂತು. ಮೂಸೆಗೆ ಹಾಕುವಾಗ ಒಂದು ಸಲ ಕಣ್ಣಿಗೆ ಒತ್ತಿಕೊಂಡಳು. ಕರಗಿ, ಅಚ್ಚಿಗೆ ಬಿದ್ದು, ತಗಡಾಗುವ ಹೊತ್ತಿಗೆ ತರಬೇತಿ ಮುಗಿಯುವ ದಿನಗಳು ಹತ್ತಿರ ಬಂದಿದ್ದವು. ಅವಳು ಮೈಯಲ್ಲಿ ಇನ್ನೂ ಇಳಿದಿದ್ದಳು. ಮೆಟ್ಟಿಲು ಹತ್ತಿ ಬಂದರೆ ಬಹಳ ಹೊತ್ತು ಗೋಡೆ ಹಿಡಿದು ಏದುತ್ತಿದ್ದಳು. ಪೇಟೆಗೆ ಹೋಗುವುದು ಮಾತ್ರ ಬಿಟ್ಟಿರಲಿಲ್ಲ.

ಬಿಲ್ಲೆ ಕತ್ತರಿಸಿದ ದಿನ ನಾನು ಉತ್ಸಾಹದಲ್ಲಿ ಹೇಳಿದೆ: “ಮುಗಿದ ಮ್ಯಾಲ ನಾನ ಬ್ಯಾಡಗಿಗೆ ಬರ್ತೇನಿ. ಹಳೇದು ಬಿಚ್ಚಿ, ಪೂಜಿ ಮಾಡಿಸಿ, ರೇಣುಕವ್ವನ ಹೆಸರು ತೊಗೊಂಡು ಇದನ್ನ ಕಟ್ಟೂಣು. ನಿಮ್ಮತ್ತಿಗೆ ನಾ ಹೇಳ್ತೇನಿ.”

ಅವಳು ತಲೆ ಎತ್ತಲಿಲ್ಲ. “ಇದು ರೇಣುಕವ್ವಂದಲ್ರಿ ಕಾಕಾರ. ಇದು ನಂದು.”

“ನಿಂದ ಅಂದ್ರ?”

“ನಾ ಹೋದ ಮ್ಯಾಲ ಬರೂವಾಕಿ ಕೊರಳಾಗ ಕಟ್ಟೂದು.”

ಅವಳೇ ಹೇಳಿದಳು. ದಾವಣಗೆರೆಯ ಡಾಕ್ಟರು ಎದೆಯ ಫೋಟೊ ಬೆಳಕಿಗೆ ಹಿಡಿದು, ಇನ್ನು ಖಾರದ ಕೆಲಸ ಬಿಟ್ಟರೂ ಅಷ್ಟೆ, ಬಿಡದಿದ್ದರೂ ಅಷ್ಟೆ ಎಂದಿದ್ದರಂತೆ. ಅತ್ತೆ ಹಾಸಿಗೆ ಹಿಡಿದಿದ್ದಳು. ನಾದಿನಿ ಬಂದು, ಐರಣಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಬಡವರು, ಕೊಡುತ್ತಾರೆ ಎಂದು ಹೇಳಿ ಹೋಗಿದ್ದಳು.

“ನಾ ರೊಟ್ಟಿ ಬಡ್ಯಾಕತ್ತಿದ್ದೆ. ನನ್ನ ಮುಂದನ ಮಾತಾಡಿದ್ರು.”

“ಅಜ್ಜಪ್ಪ ಏನಂದ?”

“ಅವರರ ಏನಂತಾರ್ರಿ. ಸುಮ್ಮನ ಕುಂತಿದ್ರು. ಮನ್ಯಾಗ ಅನ್ನ ಬೇಯಿಸಾಕ ಒಬ್ಬಾಕಿ ಬೇಕಲ್ರಿ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ನಾದಿನಿಯ ಮೇಲೆ, ಅಜ್ಜಪ್ಪನ ಮೇಲೆ ಬಂದ ಸಿಟ್ಟನ್ನೆಲ್ಲ ಇವಳ ಮೇಲೆ ಹಾಕಿದೆ. “ಬದುಕಿದ್ದವರ ಹೆಸರಿಲೆ ಸವತಿ ಪದಕ ಯಾವ ಪತ್ತಾರನೂ ಮಾಡೂದಿಲ್ಲ! ಅದು ಸಾವನ್ನ ಕರದಂಗ. ನಮ್ಮಪ್ಪ ಮಾಡಿಲ್ಲ, ನಾ ಮಾಡೂದಿಲ್ಲ, ನನ್ನ ಕ್ಲಾಸಿನ್ಯಾಗ ಇದು ನಡಿಯೂದಿಲ್ಲ. ತಗಿ ಅದನ್ನ!”

“ನೀವು ಮಾಡಬ್ಯಾಡ್ರಿ. ನಾ ಮಾಡ್ತೇನಿ,” ಎಂದಳು. “ನಾ ಸತ್ತ ದಿನ ಇವರು ಯಾವನರ ಪತ್ತಾರನ ಕಡೆ ಗಡಬಡ್ಸಿ ಮಾಡಿಸ್ತಾರ. ಅವ ಅಂಚು ಉಜ್ಜೂದಿಲ್ರಿ ಕಾಕಾರ. ಆಕಿ ಸಣ್ಣಾಕಿ. ನನಗಾಗಿದ್ದು ಆಕಿಗೂ ಆಗಬೇಕೇನ್ರಿ?”

ನಾನು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೋದೆ. ಚಹಾ ಕುಡಿದೆ, ಅದೂ ರುಚಿಸಲಿಲ್ಲ. ಆ ದಿನದಿಂದ ಅವಳ ಜಾಗದ ಕಡೆ ನಾನು ಹೋಗಲಿಲ್ಲ. ನಾನು ಕೈ ಹಚ್ಚುವುದಿಲ್ಲ, ನೀನು ಬೇಕಾದ್ದು ಮಾಡಿಕೋ ಎಂಬ ಹಾಗೆ ಇದ್ದೆ. ಅವಳು ತನ್ನ ಪಾಡಿಗೆ ತಾನು ಒಂದು ಸಣ್ಣ ಗೊಂಬೆಯ ಗೆರೆ ಒತ್ತಿದಳು. ಕೈ ಕಾಲು ಇತ್ತು, ಮುಖ ಬರೀ ಒಂದು ಸೊನ್ನೆ. ಆಮೇಲೆ ಅಂಚು. ಉಜ್ಜುವುದು, ಕೊರಳಿಗೆ ಆಡಿಸುವುದು, ಮತ್ತೆ ಉಜ್ಜುವುದು. ಸದ್ದು ಮಾತ್ರ ನನಗೆ ಕೇಳುತ್ತಿತ್ತು. ಬೇಡವೆಂದರೂ ಕಿವಿ ಅತ್ತಲೇ ಇರುತ್ತಿತ್ತು.

ಉಳಿದದ್ದು ಕೊಂಡಿಯ ಬೆಸುಗೆ. ದಾರ ಪೋಣಿಸುವ ಸಣ್ಣ ಬೆಳ್ಳಿಯ ಕೊಂಡಿ ಬಿಲ್ಲೆಯ ನೆತ್ತಿಗೆ ಕೂಡಬೇಕು. ಅದಕ್ಕೆ ಊದಲೇಬೇಕು. ಕೊನೆಯ ದಿನ ಅವಳು ಬೆಸುಗೆ ಹಿಡಿಸುವ ಬಿಳಿಗಾರ ಹಚ್ಚಿ, ಬೆಸುಗೆಯ ಚೂರು ಇಟ್ಟು, ಗೊಳವೆ ಬಾಯಿಗೆ ಇಟ್ಟುಕೊಂಡಳು. ಉರಿ ಎದ್ದಿತು, ವಾಲಿತು, ಆರಿತು. ಮತ್ತೆ ಹಚ್ಚಿದಳು. ಮತ್ತೆ ಆರಿತು. ತುಟಿ ನೀಲಿಯಾಗಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಹಾವೇರಿಯ ಬಿಸ್ಮಿಲ್ಲಾಬಿಗೆ ತಡೆಯಲಾಗಲಿಲ್ಲ. “ಅಕ್ಕಾ, ಇತ್ಲಾಗ ಕೊಡು, ನಾ ಊದತೀನಿ, ನೀ ಚಿಮಟ ಹಿಡಿ,” ಎಂದು ಗೊಳವೆ ಕಸಿದುಕೊಂಡಳು. ಅವಳ ಉಸಿರೇನೋ ಗಟ್ಟಿ, ಆದರೆ ಕಣ್ಣಲ್ಲಿ ನೀರು ತುಂಬಿ ಉರಿ ಎಲ್ಲೆಲ್ಲೋ ಹೊಡೆಯುತ್ತಿತ್ತು. ಇನ್ನೊಂದು ಚಣ ಹೋಗಿದ್ದರೆ ಕೊಂಡಿ ಕೂಡುವ ಬದಲು ಬಿಲ್ಲೆಯ ಅಂಚೇ ಕರಗುತ್ತಿತ್ತು. ಅಷ್ಟು ದಿನ ಉಜ್ಜಿದ ಅಂಚು.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಮಂಡಿ ನೋವಿನ ನೆನಪೂ ಆಗಲಿಲ್ಲ. ಬಿಸ್ಮಿಲ್ಲಾಬಿಯನ್ನು ಸರಿಸಿ, ಗೊಳವೆ ತುಟಿಗೆ ಇಟ್ಟು ಊದಿದೆ. ಗದಿಗೆವ್ವ ಚಿಮಟದಲ್ಲಿ ಕೊಂಡಿ ಹಿಡಿದಿದ್ದಳು, ಕೈ ಅಲುಗಲಿಲ್ಲ. ಚೂರು ಕರಗಿ ಮಿಂಚಿ ಕೊಂಡಿಯ ಸುತ್ತ ಹರಿದು ಕೂಡಿತು. ಹುಣಸೆ ನೀರಿನಲ್ಲಿ ಕುದಿಸಿದ ಮೇಲೆ ಪದಕ ಬೆಳ್ಳಗೆ ಹೊರಗೆ ಬಂತು. ಅವಳು ಅದನ್ನು ಕೊರಳ ಗಾಯದ ಮೇಲೆ ಸುತ್ತ ಆಡಿಸಿದಳು, ಮುಖ ಕಿವುಚಲಿಲ್ಲ. ಆಮೇಲೆ ನನ್ನ ಕಾಲಿಗೆ ಬೀಳಲು ಬಗ್ಗಿದಳು. ನಾನು ಬಿಡಲಿಲ್ಲ.

“ನಿಮ್ಮತ್ತಿ ಒಪ್ತಾಳೇನ?” ಎಂದು ಕೇಳಿದೆ.

“ಬೈತಾಳ್ರಿ. ಬೈದು ಇಸ್ಕೊಂತಾಳ. ಪುಕ್ಕಟಿ ಬಂದದ್ದು ನಮ್ಮತ್ತಿ ಬಿಡೂದಿಲ್ಲ,” ಎಂದು ನಕ್ಕಳು. ಸಂಘದವರು ಕೊಟ್ಟ ಪ್ರಮಾಣಪತ್ರವನ್ನು ತೆಗೆದುಕೊಳ್ಳುವುದನ್ನು ಮರೆತು ರೈಲಿಗೆ ಹೋದಳು.

ಮುಂದಿನ ಮೆಣಸಿನಕಾಯಿ ಸುಗ್ಗಿ ಮುಗಿಯುವ ಮೊದಲೇ ಗದಿಗೆವ್ವ ತೀರಿಕೊಂಡ ಸುದ್ದಿ ಬಿಸ್ಮಿಲ್ಲಾಬಿಯಿಂದ ಬಂತು. ನಾನು ಮಣ್ಣಿಗೆ ಹೋಗಲಿಲ್ಲ. ಹೋಗಿ ಅಜ್ಜಪ್ಪನ ಮುಖ ನೋಡುವ ಮನಸ್ಸಿರಲಿಲ್ಲ. ಪದಕ ಮಾಡಿದ್ದರಿಂದಲೇ ಸತ್ತಳೇನೋ ಎಂಬ ಸಂಕಟ ಕೆಲವು ದಿನ ನನ್ನನ್ನು ತಿಂದಿತು. ಆಮೇಲೆ ಆ ಡಾಕ್ಟರು ಹೇಳಿದ್ದು ನೆನಪಾಗಿ ಸುಮ್ಮನಾದೆ. ಸಂಘದವರು ಮತ್ತೆ ತರಬೇತಿ ನಡೆಸಲಿಲ್ಲ. ಊದುಗೊಳವೆ, ತಗಡು ಬಡಿಯುವ ಅಡಿಗಲ್ಲು ಎಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ.

ಅದಾದ ಮೇಲೆ ಒಂದೆರಡು ಸುಗ್ಗಿ ಕಳೆದಿರಬೇಕು. ಮನೆಗೆ ವರ್ಷದ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋಗಿದ್ದೆ. ರಾಣೆಬೆನ್ನೂರಿನಲ್ಲೇ ಸಿಗುತ್ತದೆ, ಸುಮ್ಮನೆ ಯಾಕೆ ಹೋಗುತ್ತೀರಿ ಎಂದು ಮನೆಯಲ್ಲಿ ಕೇಳಿದರು. ಚೀಲ ಹಿಡಿದು ರೈಲು ಹತ್ತಿದೆ. ಪೇಟೆಯಲ್ಲಿ ಹಮಾಲ ಅಜ್ಜಪ್ಪನ ಮನೆಯವರು ಎಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಿದೆ. ಒಬ್ಬ ತೋರಿಸಿದ. ಕೆಂಪು ರಾಶಿಯ ಅಂಚಿನಲ್ಲಿ ಸಾಲಾಗಿ ಹೆಂಗಸರು ಕುಳಿತು ತೊಟ್ಟು ಮುರಿಯುತ್ತಿದ್ದರು. ಕೊನೆಯಲ್ಲಿ ಒಬ್ಬಳು ಇಪ್ಪತ್ತೈದರ ಒಳಗಿನವಳು, ಬಾಯಿಗೆ ಸೆರಗು ಕಟ್ಟಿಕೊಂಡು ಬಗ್ಗಿ ಕುಳಿತಿದ್ದಳು. ಅವಳ ಕೊರಳಿನಿಂದ ತಾಳಿಯ ಜೊತೆ ಗದಿಗೆವ್ವನ ಪದಕ ಜೋತುಬಿದ್ದಿತ್ತು. ಆ ಸೊನ್ನೆ ಮುಖದ ಗೊಂಬೆ. ಕೆಳಗೆ ಕೊರಳಿನ ಚರ್ಮ ನುಣ್ಣಗಿತ್ತು, ಒಂದು ಗೀರೂ ಇರಲಿಲ್ಲ.

ನಾನು ಹತ್ತಿರ ಹೋಗಿ ನಿಂತೆ. ಏನು ಕೇಳಬೇಕೆಂದು ತಿಳಿಯದೆ ಕೇಳಿದೆ.

“ಚುಚ್ಚತೈತೇನವಾ?”

ಅವಳು ತಲೆ ಎತ್ತಿದಳು. ಬಾಯಿಯ ಸೆರಗು ಸರಿಸಿದಳು. “ಯಾವುದ್ರಿ ಅಜ್ಜಾರ?”

ನಾನು ಬೆರಳು ತೋರಿಸಿದೆ. ಅವಳು ಮೂಗುತಿ ಮುಟ್ಟಿ ನೋಡಿಕೊಂಡಳು, ಆಮೇಲೆ ಕಿವಿಯೋಲೆ. ಕೊನೆಗೆ ಕೈ ಕೊರಳಿಗೆ ಹೋಯಿತು.

“ಇದಾ?” ಎಂದು ನಕ್ಕಳು. “ಇದು ಕೊರಳಾಗ ಐತಿ ಅನ್ನೂದ ನನಗ ನೆನಪಿರೂದಿಲ್ಲ ನೋಡ್ರಿ. ಯಾಕ್ರಿ?”

ಗದಿಗೆವ್ವ ಎದುರಿಗಿದ್ದಿದ್ದರೆ, ನೋಡವಾ, ನಿನ್ನ ಕೆಲಸ ಪಾಸಾತು ಎಂದು ಕೂಗಿ ಹೇಳುತ್ತಿದ್ದೆ.

“ಏನಿಲ್ಲವಾ, ಸುಮ್ಮನ ಕೇಳಿದೆ,” ಎಂದೆ.

ಅವಳು ಮತ್ತೆ ಬಾಯಿಗೆ ಸೆರಗು ಕಟ್ಟಿಕೊಂಡು, ಬಗ್ಗಿ, ತೊಟ್ಟು ಮುರಿಯತೊಡಗಿದಳು.